ಸ್ಲೈಡ್ ಯಾಕೆ ಬರ್ತಿಲ್ಲ? ಸಿಕ್ಕಿಕೊಂಡ ಪಿಸ್ತೂಲು ಕಲಿಸಿದ ಮೆಕ್ಯಾನಿಕ್ಸ್

ಭಾನುವಾರ ಬೆಳಿಗ್ಗೆ ಎಂಟೂವರೆ. ಹಾಸ್ಟೆಲ್ ಮೆಸ್‌ನಲ್ಲಿ ಮಸಾಲೆ ದೋಸೆ ಕ್ಯೂ. ನನ್ನ ಮುಂದೆ ಇನ್ನೂ ಆರು ಜನ ಇದ್ದಾಗ ಡಲ್ಲಾಸ್‌ನಲ್ಲಿರೋ ಅಣ್ಣನ ವಿಡಿಯೋ ಕಾಲ್ ಬಂತು. ಚಿಕ್ಕಪ್ಪನ ಮಗ, ಸಾಫ್ಟ್‌ವೇರ್‌ನಲ್ಲಿದ್ದಾನೆ. ಅಲ್ಲಿ ಶನಿವಾರ ರಾತ್ರಿ ಹತ್ತು ಗಂಟೆ. ಟೇಬಲ್ ಮೇಲೆ ಹಳೇ ಟವೆಲ್ ಹಾಸಿ, ಅದರ ಮೇಲೆ ಒಂದು ಪುಟ್ಟ ಪಿಸ್ತೂಲು ಇಟ್ಕೊಂಡು ಕೂತಿದ್ದ. ಪಕ್ಕದಲ್ಲಿ ಬ್ರಷ್, ಎಣ್ಣೆ ಬಾಟಲಿ, ಆಮೇಲೆ ಒಂದು ರಬ್ಬರ್ ಸುತ್ತಿಗೆ.

"ಲೋ, ನೀನು ಮೆಕ್ಯಾನಿಕಲ್ ಅಲ್ವಾ? ಎನ್‌ಸಿಸಿಲೂ ಇದ್ದೀಯ. ಇದನ್ನ ಕ್ಲೀನ್ ಮಾಡೋಕೆ ಬಿಚ್ಚೋಣ ಅಂದ್ರೆ ಸ್ಲೈಡ್ ಬರ್ತಾನೇ ಇಲ್ಲ ಕಣೋ. ವಿಡಿಯೋದಲ್ಲಿ ಎರಡು ಸೆಕೆಂಡಲ್ಲಿ ತೆಗೀತಾರೆ. ಸುತ್ತಿಗೆಲಿ ಒಂದೇಟು ಕೊಡ್ಲಾ?"

"ಅಣ್ಣ, ಸುತ್ತಿಗೆ ಪಕ್ಕಕ್ಕಿಡು. ಚೇಂಬರ್ ನೋಡಿದ್ಯಾ?"

"ಮ್ಯಾಗಜಿನ್ ತೆಗೆದಿದೀನಲ್ಲೋ."

"ಮ್ಯಾಗಜಿನ್ ಅಲ್ಲ, ಚೇಂಬರ್."

"ಖಾಲಿನೇ ಇರುತ್ತೆ. ಅಂದಹಾಗೆ ವಿಡಿಯೋದಲ್ಲಿ ಟ್ರಿಗರ್ ಒತ್ತಿ ಆಮೇಲೆ ತೆಗೀರಿ ಅಂತಾರೆ. ಆ ಸ್ಟೆಪ್ ನಾನು ಮಾಡಿಲ್ಲ. ಒತ್ಲಾ?"

ಆ ಕ್ಷಣ ನನ್ನ ಬಾಯಿಂದ ಎಷ್ಟು ಜೋರಾಗಿ "ಬೇಡ!" ಬಂತು ಅಂದ್ರೆ, ದೋಸೆ ಹುಯ್ತಿದ್ದ ಅಣ್ಣನೂ ತಿರುಗಿ ನೋಡಿದ್ರು. ಮೂತಿ ಗೋಡೆ ಕಡೆ ಬೇಡ, ಪಕ್ಕದಲ್ಲಿ ಮಗು ಮಲಗಿದೆ; ಹೊರಗಿನ ಇಟ್ಟಿಗೆ ಗೋಡೆಯ ಕಡೆ, ಕೆಳಕ್ಕೆ ಹಿಡಿ; ಬೆರಳು ಟ್ರಿಗರ್‌ನಿಂದ ಹೊರಗೆ; ಈಗ ಸ್ಲೈಡನ್ನ ಪೂರ್ತಿ ಹಿಂದಕ್ಕೆ ಎಳಿ ಅಂದೆ. ಎಳೆದ. ಹಿತ್ತಾಳೆ ಬಣ್ಣದ್ದೊಂದು ಹೊರಗೆ ಹಾರಿ, ಟೇಬಲ್‌ಗೆ ಬಡಿದು, ಟಣ್ ಅಂತ ನೆಲಕ್ಕೆ ಬಿತ್ತು. ರೌಂಡ್. ಜೀವಂತ ರೌಂಡ್.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನ ವಾರ ರೇಂಜ್‌ನಿಂದ ಬಂದು, ಮನೇಲಿ ಲೋಡ್ ಮಾಡಿ ಲಾಕರ್‌ನಲ್ಲಿಟ್ಟಿದ್ದು ಅವನಿಗೆ ಮರೆತೇ ಹೋಗಿತ್ತು.

ಈ ಲೇಖನ ಹುಟ್ಟಿದ್ದು ಅಲ್ಲಿ. ನಮ್ಮಲ್ಲಿ ಹೆಚ್ಚಿನವರು ಜೀವನದಲ್ಲಿ ಪಿಸ್ತೂಲು ಮುಟ್ಟೋದೇ ಇಲ್ಲ. ಆದರೂ "ಸಿಕ್ಕಿಕೊಂಡಿರೋ ಭಾಗವನ್ನ ಹೇಗೆ ಬಿಡಿಸೋದು" ಅನ್ನೋ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ. ಘರ್ಷಣೆ, ಇಂಟರ್‌ಲಾಕ್, ಜೋಡಣೆಯ ಕ್ರಮ, ಮನುಷ್ಯನ ಆತುರ ಎಲ್ಲವೂ ಅಂಗೈಯಗಲದ ಒಂದು ಯಂತ್ರದಲ್ಲಿದೆ.

ಮೇಜಿನ ಡ್ರಾಯರ್ ಅಂತ ತಿಳ್ಕೊಳ್ಳಿ

ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಮೇಲಿನ ಅರ್ಧ ಸ್ಲೈಡ್, ಕೆಳಗಿನ ಅರ್ಧ ಫ್ರೇಮ್. ಫ್ರೇಮ್‌ನಲ್ಲಿ ಹಿಡಿಕೆ, ಟ್ರಿಗರ್, ಮ್ಯಾಗಜಿನ್ ಕೂರೋ ಜಾಗ. ಸ್ಲೈಡ್ ಒಳಗೆ ಬ್ಯಾರಲ್, ಅದರ ಕೆಳಗೆ ರಿಕಾಯಿಲ್ ಸ್ಪ್ರಿಂಗ್, ಹಿಂದುಗಡೆ ಗುಂಡಿನ ತಳಕ್ಕೆ ಹೊಡೆಯೋ ಸ್ಟ್ರೈಕರ್. ಬ್ಯಾರಲ್‌ನ ಹಿಂತುದಿಯಲ್ಲಿ ರೌಂಡ್ ಕೂರೋ ಗೂಡೇ ಚೇಂಬರ್. ಸ್ಲೈಡ್ ಫ್ರೇಮ್‌ನ ಹಳಿಗಳ ಮೇಲೆ ಹಿಂದೆ ಮುಂದೆ ಜಾರುತ್ತೆ, ಥೇಟ್ ಮೇಜಿನ ಡ್ರಾಯರ್ ಥರ. ಡ್ರಾಯರ್ ಪೂರ್ತಿ ಕಳಚಿ ಬರದ ಹಾಗೆ ಒಂದು ತಡೆ ಇರುತ್ತಲ್ಲ, ಹಾಗೇ ಇಲ್ಲೂ ಒಂದು ತಡೆ ಇದೆ. ಕ್ಲೀನ್ ಮಾಡೋಕೆ ಬಿಚ್ಚೋದು ಅಂದ್ರೆ ಆ ತಡೆಯನ್ನು ಸರಿಸಿ, ಸ್ಲೈಡನ್ನು ಮುಂದಕ್ಕೆ ಜಾರಿಸಿ ಹಳಿಯಿಂದ ಹೊರಗೆ ತರೋದು. ಇಷ್ಟೇ.

ಕಾಂಪ್ಯಾಕ್ಟ್ ಪಿಸ್ತೂಲು ಅಂದ್ರೆ ಇದೇ ಯಂತ್ರದ ಚಿಕ್ಕ ರೂಪ. ತುಂಬಾ ಜನಕ್ಕೆ ಹೆಸರು ಗೊತ್ತಿರೋದು ಗ್ಲಾಕ್ 19. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಅವರು ಅಲ್ಲಿನ ಸೇನೆಗೆ ಅಂತ ಮಾಡಿದ ಗ್ಲಾಕ್ 17 ಸೇನೆಗೆ ಆಯ್ಕೆ ಆಗಿದ್ದು 1982ರಲ್ಲಿ. ಅದನ್ನೇ ಕತ್ತರಿಸಿ ಚಿಕ್ಕದು ಮಾಡಿದ ಗ್ಲಾಕ್ 19 ಬಂದಿದ್ದು 1988ರಲ್ಲಿ. ಬ್ಯಾರಲ್ ಸುಮಾರು 10 ಸೆಂ.ಮೀ., ಮ್ಯಾಗಜಿನ್‌ನಲ್ಲಿ 15 ರೌಂಡ್, ಫ್ರೇಮ್ ಪಾಲಿಮರ್. ಚಿಕ್ಕದಾದಷ್ಟೂ ಕೈಗೆ ಹಿಡಿತ ಕಡಿಮೆ, ಸ್ಲೈಡ್ ಓಡೋ ಜಾಗ ಕಡಿಮೆ. ಹಾಗಾಗಿ ಹೊಸಬರಿಗೆ "ಸ್ಲೈಡ್ ಸಿಕ್ಕಿಕೊಂಡಿದೆ" ಅನ್ನೋ ಅನುಭವ ಚಿಕ್ಕ ಪಿಸ್ತೂಲಿನಲ್ಲೇ ಹೆಚ್ಚು. ನಿಜಕ್ಕೂ ಸಿಕ್ಕಿಕೊಂಡಿರೋದು ಅಪರೂಪ. ಬಹಳ ಸಲ ಯಂತ್ರ "ನೀನು ಒಂದು ಸ್ಟೆಪ್ ಬಿಟ್ಟಿದ್ದೀಯ" ಅಂತ ಹೇಳ್ತಿರುತ್ತೆ.

ಎಲ್ಲಕ್ಕಿಂತ ಮೊದಲು: ಖಾಲಿ ಮಾಡೋ ಕ್ರಮ

ಎನ್‌ಸಿಸಿ ಮಾಡಿದವರಿಗೆ "ಖಾಲಿ ಕರ್" ಆಮೇಲೆ "ನಿರೀಕ್ಷಣ್ ಕೆ ಲಿಯೇ ಜಾಂಚ್ ಶಸ್ತ್ರ್" ಅನ್ನೋ ಆದೇಶ ಕನಸಲ್ಲೂ ಬರುತ್ತೆ. ಫೈರಿಂಗ್ ಆದಮೇಲೆ ಪ್ರತಿಯೊಬ್ಬನ ರೈಫಲ್ ಬೋಲ್ಟ್ ತೆರೆದು ಉಸ್ತಾದ್ ಕಣ್ಣಾರೆ ನೋಡ್ತಾರೆ. ಖಾಲಿ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಆದರೂ ನೋಡ್ತಾರೆ. ಮೊದಲ ಕ್ಯಾಂಪ್‌ನಲ್ಲಿ ಇದು ನನಗೆ ಬರೀ ಶಿಸ್ತಿನ ನಾಟಕ ಅನ್ನಿಸಿತ್ತು. ಆ ಭಾನುವಾರದ ನಂತರ ಅನ್ನಿಸ್ತಿಲ್ಲ.

ಕ್ರಮ ಹೀಗೆ. ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮೊದಲು ಮ್ಯಾಗಜಿನ್ ತೆಗೀಬೇಕು. ಆಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು, ಅಲ್ಲೇ ಲಾಕ್ ಮಾಡಿ, ಚೇಂಬರನ್ನು ಕಣ್ಣಲ್ಲಿ ನೋಡ್ಬೇಕು, ಕಿರುಬೆರಳಲ್ಲಿ ಮುಟ್ಟಿ ನೋಡ್ಬೇಕು. ಮ್ಯಾಗಜಿನ್ ಗೂಡನ್ನೂ ನೋಡ್ಬೇಕು. ಕೊನೆಗೆ ಎಲ್ಲಾ ರೌಂಡ್‌ಗಳನ್ನೂ ಬೇರೆ ಕೋಣೆಗೆ ಸಾಗಿಸಬೇಕು.

ಈ ಕ್ರಮ ಅದಲುಬದಲಾದ್ರೆ ಏನಾಗುತ್ತೆ? ಮ್ಯಾಗಜಿನ್ ಒಳಗಿದ್ದಾಗಲೇ ಸ್ಲೈಡ್ ಎಳೆದ್ರಿ ಅನ್ಕೊಳ್ಳಿ. ಚೇಂಬರ್‌ನಲ್ಲಿದ್ದ ರೌಂಡ್ ಹೊರಗೆ ಬಿತ್ತು, ಸರಿ. ಆದರೆ ಸ್ಲೈಡ್ ಬಿಟ್ಟ ತಕ್ಷಣ ಮ್ಯಾಗಜಿನ್‌ನಿಂದ ಮುಂದಿನ ರೌಂಡ್ ಒಳಗೆ ಹೋಯ್ತು. ಆಮೇಲೆ ಮ್ಯಾಗಜಿನ್ ತೆಗೆದ್ರಿ. "ಒಂದು ಹೊರಗೆ ಬಿತ್ತು, ಮ್ಯಾಗಜಿನ್ನೂ ತೆಗೆದಾಯ್ತು, ಇನ್ನೇನು" ಅನ್ನೋ ಧೈರ್ಯ ನಿಮಗೆ. ಒಳಗೆ ರೌಂಡ್ ಇದೆ! ಮಾಡಿದ ಎರಡು ಕೆಲಸಗಳೂ ಸರಿ, ಕ್ರಮ ಮಾತ್ರ ತಪ್ಪು, ಫಲಿತಾಂಶ ಪೂರ್ತಿ ಉಲ್ಟಾ. ಡಿಜಿಟಲ್ ಕ್ಲಾಸ್‌ನಲ್ಲಿ ಸ್ಟೇಟ್ ಮೆಷಿನ್ ಓದಿದ್ದೀವಲ್ಲ, ಅದರ ಅತಿ ಭಯಂಕರ ಉದಾಹರಣೆ ಇದು. ಅಂತಿಮ ಸ್ಥಿತಿ ಬರೀ ಇನ್‌ಪುಟ್‌ಗಳ ಮೇಲಲ್ಲ, ಅವು ಬಂದ ಸಾಲಿನ ಮೇಲೂ ನಿಂತಿದೆ.

ಹಾಗಾಗಿ ಸ್ಲೈಡ್ ಸಿಕ್ಕಿಕೊಂಡಾಗ ಕೇಳಬೇಕಾದ ಮೊದಲ ಪ್ರಶ್ನೆ "ಹೇಗೆ ಬಿಡಿಸೋದು" ಅಲ್ಲ. "ಚೇಂಬರ್ ಖಾಲಿ ಅಂತ ನಾನು ನೋಡಿದ್ದೀನಾ, ಅಥವಾ ಅನ್ಕೊಂಡಿದ್ದೀನಾ?" ನೋಡೋಕೆ ಆಗದಷ್ಟು ಸ್ಲೈಡ್ ಬಿಗಿಯಾಗಿದ್ರೆ, ಒಳಗೆ ರೌಂಡ್ ಇದೆ ಅಂತಲೇ ಲೆಕ್ಕ.

ಎಲ್ಲಿ ನಿಂತಿದೆ ಅನ್ನೋದೇ ಅರ್ಧ ಉತ್ತರ

ಬೈಕ್ ಕೆಟ್ಟಾಗ ಒಳ್ಳೆ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತಲ್ಲ. "ಯಾವಾಗ ನಿಲ್ತು? ಗೇರಲ್ಲಿದ್ದಾಗಲಾ?" ಅಂತ ಕೇಳ್ತಾನೆ. ಇಲ್ಲೂ ಅಷ್ಟೇ. ಸ್ಲೈಡ್ ಯಾವ ಜಾಗದಲ್ಲಿ ನಿಂತಿದೆ ಅಂತ ನೋಡಿದ್ರೆ ಕಾರಣಗಳ ಪಟ್ಟಿ ಕಿರಿದಾಗುತ್ತೆ. ಜಾಗಗಳು ನಾಲ್ಕು.

ಒಂದು: ಪೂರ್ತಿ ಮುಂದಿದೆ, ಹಿಂದಕ್ಕೆ ಬರ್ತಾನೇ ಇಲ್ಲ.

ನಾಲ್ಕರಲ್ಲಿ ಅಪಾಯಕಾರಿ ಇದೇ, ಯಾಕಂದ್ರೆ ಚೇಂಬರ್ ನೋಡೋಕಾಗಲ್ಲ. ಸಾಮಾನ್ಯ ಕಾರಣ ಸಪ್ಪೆಯಾದದ್ದು: ಸೇಫ್ಟಿ ಆನ್ ಆಗಿದೆ. 1911 ಮಾದರಿಯ ಪಿಸ್ತೂಲುಗಳಲ್ಲಿ ಸೇಫ್ಟಿ ಮೇಲಿದ್ರೆ ಸ್ಲೈಡ್ ಅಲ್ಲಾಡಲ್ಲ. ಇನ್ನೊಂದು ಕಾರಣ ಬರೀ ಕೈಯ ಬಲ. ಚಿಕ್ಕ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ ಗಟ್ಟಿ. ಹ್ಯಾಮರ್ ಇರೋ ಮಾದರಿಗಳಲ್ಲಿ ಸ್ಲೈಡ್ ಹಿಂದೆ ಬರುವಾಗ ಹ್ಯಾಮರ್ ಸ್ಪ್ರಿಂಗನ್ನೂ ತಳ್ಳಬೇಕು. ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎಳೆದ್ರೆ ಆಗಲ್ಲ. ಅಂಗೈಯಿಡೀ ಸ್ಲೈಡ್ ಹಿಂಭಾಗದ ಮೇಲಿಟ್ಟು ಹಿಡಿದು, ಇನ್ನೊಂದು ಕೈಯಿಂದ ಫ್ರೇಮನ್ನು ಮುಂದಕ್ಕೆ ತಳ್ಳಬೇಕು. ಎಳೆಯೋ ಸ್ನಾಯುವಿಗಿಂತ ತಳ್ಳೋ ಸ್ನಾಯುವಿಗೆ ಶಕ್ತಿ ಜಾಸ್ತಿ.

ಇಷ್ಟಾದ್ರೂ ಬರದಿದ್ರೆ ವಿಷಯ ಗಂಭೀರ. ಹಿತ್ತಾಳೆ ಕೇಸ್ ಉಬ್ಬಿ ಚೇಂಬರ್‌ನಲ್ಲಿ ಕಚ್ಚಿಕೊಂಡಿರಬಹುದು. ಸ್ಲೈಡ್‌ನಲ್ಲಿರೋ ಎಕ್ಸ್‌ಟ್ರಾಕ್ಟರ್ ಅನ್ನೋ ಕೊಕ್ಕೆ ಕೇಸಿನ ಅಂಚನ್ನು ಹಿಡಿದಿರುತ್ತೆ. ಕೇಸ್ ಬಿಡಲ್ಲ, ಕೊಕ್ಕೆ ಬಿಡಲ್ಲ, ಸ್ಲೈಡ್ ಬರಲ್ಲ. ಇನ್ನೂ ಕೆಟ್ಟದ್ದು ಅಂದ್ರೆ, ಮದ್ದು ಕಡಿಮೆ ಇದ್ದ ರೌಂಡಿನ ಗುಂಡು ಬ್ಯಾರಲ್ ಮಧ್ಯದಲ್ಲೇ ನಿಂತು, ಅದರ ಹಿಂದೆ ಇನ್ನೊಂದು ಹಾರಿಸಿದಾಗ ಬ್ಯಾರಲ್ ಊದಿಕೊಂಡು ಸ್ಲೈಡ್ ಒಳಗೆ ಬಿಗಿಯಾಗೋದು. ಇವೆರಡೂ ಮನೆ ಟೇಬಲ್ ಮೇಲೆ ಬಿಡಿಸೋ ಸಮಸ್ಯೆಗಳಲ್ಲ. ಮೂತಿ ಸುರಕ್ಷಿತ ದಿಕ್ಕಿನಲ್ಲಿಟ್ಟು, ಬಂದೂಕು ರಿಪೇರಿ ಮಾಡೋ ಗನ್‌ಸ್ಮಿತ್‌ಗೆ ಫೋನ್ ಮಾಡಿ, ಹೇಗೆ ತರಲಿ ಅಂತ ಕೇಳೋದೇ ಸರಿಯಾದ ರಿಪೇರಿ.

ಎರಡು: ಹಿಂದೆ ಮುಂದೆ ಆಡುತ್ತೆ, ಆದರೆ ಕಳಚಿ ಬರ್ತಿಲ್ಲ.

ಅಣ್ಣನ ಸಮಸ್ಯೆ ಈ ಜಾತಿದು. ಇದನ್ನು ಮುಂದೆ ವಿವರವಾಗಿ ನೋಡೋಣ.

ಮೂರು: ಕೆಲವು ಮಿ.ಮೀ. ಮುಂದೆ ಹೋಗಿ ಅಲ್ಲೇ ನಿಂತಿದೆ.

ತಡೆ ಸರಿದಿದೆ, ಆದರೆ ಒಳಗೆ ಬೇರೇನೋ ಹಿಡಿದಿದೆ. ಇಲ್ಲಿ ಎಲ್ಲರೂ ಮಾಡೋ ತಪ್ಪು ಮುಂದಕ್ಕೆ ಇನ್ನೂ ಜೋರಾಗಿ ಎಳೆಯೋದು. ಮಾಡಬೇಕಾದ್ದು ಉಲ್ಟಾ. ಸ್ಲೈಡನ್ನು ನೇರವಾಗಿ ಹಿಂದಕ್ಕೆ, ಹಳಿ ಮೇಲೆ ಸರಿಯಾಗಿ ಕೂರೋ ತನಕ ತಂದು, ಮೊದಲಿಂದ ಶುರು ಮಾಡೋದು.

ನಾಲ್ಕು: ಕ್ಲೀನ್ ಮಾಡಿ ಜೋಡಿಸಿದ ಮೇಲೆ ಸ್ಲೈಡ್ ಓಡ್ತಿಲ್ಲ.

ಮುಕ್ಕಾಲು ಪಾಲು ರಿಕಾಯಿಲ್ ಸ್ಪ್ರಿಂಗ್ ವಾರೆಯಾಗಿ ಕೂತಿದೆ ಅಂತ ಅರ್ಥ. ಬ್ಯಾರಲ್ ಕೆಳಗಿನ ಅರ್ಧಚಂದ್ರದಂಥ ಕಚ್ಚಿನಲ್ಲಿ ಸ್ಪ್ರಿಂಗ್ ಕಡ್ಡಿಯ ಹಿಂತುದಿ ಕೂರಬೇಕು. ಒಂದು ಮೆಟ್ಟಿಲು ಮೇಲೆ ಕೆಳಗೆ ಕೂತ್ರೂ ಸ್ಲೈಡ್ ಒದ್ದಾಡುತ್ತೆ. ಬಿಚ್ಚಿ, ಕೂರಿಸಿ, ಮತ್ತೆ ಹಾಕಿ. ಸ್ಪ್ರಿಂಗ್ ಮುಖದ ಕಡೆ ಹಾರೋ ಸಾಧ್ಯತೆ ಇರೋದ್ರಿಂದ ಕಣ್ಣಿಗೆ ಕನ್ನಡಕ ಕಡ್ಡಾಯ.

ಟ್ರಿಗರ್ ಯಾಕೆ ಒತ್ತಬೇಕು?

ಈಗ ಎರಡನೇ ಜಾಗಕ್ಕೆ ಬರೋಣ. ಗ್ಲಾಕ್ 19ರಲ್ಲಿ ಡ್ರಾಯರ್ ತಡೆಯ ಕೆಲಸ ಮಾಡೋದು ಸ್ಲೈಡ್ ಲಾಕ್ ಅನ್ನೋ ಪುಟ್ಟ ಉಕ್ಕಿನ ಅಡ್ಡಪಟ್ಟಿ. ಟ್ರಿಗರ್‌ನ ಸ್ವಲ್ಪ ಮೇಲೆ ಮುಂದೆ, ಫ್ರೇಮ್‌ನ ಎರಡೂ ಬದಿಯಲ್ಲಿ ಅದರ ತುದಿಗಳು ಉಗುರಿನಷ್ಟು ಕಾಣುತ್ತೆ. ಕೆಳಗಿಂದ ಒಂದು ಸ್ಪ್ರಿಂಗ್ ಅದನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತೆ. ಬ್ಯಾರಲ್‌ನ ಕೆಳಗಿನ ಗುಬುಟು ಅದಕ್ಕೆ ಬಂದು ಒರಗುತ್ತೆ.

ಚೇಂಬರ್ ಖಾಲಿ ಅಂತ ಕಣ್ಣಾರೆ ನೋಡಿದ ಮೇಲೆ ಬಿಚ್ಚೋ ಕ್ರಮ ಹೀಗೆ: ಸ್ಲೈಡ್ ಮುಂದೆ ಬಿಟ್ಟು, ಸುರಕ್ಷಿತ ದಿಕ್ಕಿನಲ್ಲಿ ಟ್ರಿಗರ್ ಒತ್ತೋದು. ಸ್ಲೈಡನ್ನು ಸುಮಾರು 2 ರಿಂದ 3 ಮಿ.ಮೀ. ಮಾತ್ರ ಹಿಂದಕ್ಕೆ ಎಳೆದು ಹಿಡಿಯೋದು. ಲಾಕ್‌ನ ಎರಡೂ ತುದಿಗಳನ್ನು ಒಟ್ಟಿಗೆ ಕೆಳಕ್ಕೆ ಎಳೆಯೋದು. ಸ್ಲೈಡನ್ನು ಮುಂದಕ್ಕೆ ಜಾರಿಸೋದು.

ಪ್ರತಿ ಹೆಜ್ಜೆಗೂ ಕಾರಣ ಇದೆ, ಪ್ರತಿ ಹೆಜ್ಜೆ ತಪ್ಪಿದಾಗಲೂ ಸ್ಲೈಡ್ "ಸಿಕ್ಕಿಕೊಳ್ಳುತ್ತೆ".

2 ಮಿ.ಮೀ. ಹಿಂದಕ್ಕೆ ಯಾಕೆ? ಹಳೇ ಮನೆ ಬಾಗಿಲ ಚಿಲಕ ಬಿಗಿಯಾದಾಗ ಅಜ್ಜಿ ಏನ್ಮಾಡ್ತಾರೆ? ಬಾಗಿಲನ್ನ ಒಂಚೂರು ತನ್ನ ಕಡೆ ಎಳ್ಕೊಂಡು ಚಿಲಕ ತೆಗೀತಾರೆ. ಚಿಲಕದ ಮೇಲಿನ ಒತ್ತಡ ಹೋದ್ರೆ ಘರ್ಷಣೆಯೂ ಹೋಗುತ್ತೆ. ಇಲ್ಲೂ ರಿಕಾಯಿಲ್ ಸ್ಪ್ರಿಂಗಿನ ಬಲ ಬ್ಯಾರಲ್ ಮೂಲಕ ಲಾಕ್ ಮೇಲೆ ಬಿದ್ದಿರುತ್ತೆ. ಸ್ವಲ್ಪ ಹಿಂದೆ ಎಳೆದ್ರೆ ಲಾಕ್ ಮೇಲಿನ ಹೊರೆ ಇಳಿಯುತ್ತೆ, ಆಗ ಬೆರಳಲ್ಲೇ ಕೆಳಗೆ ಬರುತ್ತೆ. ಹೊರೆ ಇಳಿಸದೆ ಲಾಕನ್ನ ಉಗುರು ಮುರಿಯೋ ಹಾಗೆ ಎಳೆದ್ರೂ ಪ್ರಯೋಜನ ಇಲ್ಲ.

ಎರಡೂ ತುದಿ ಯಾಕೆ? ಒಂದೇ ಬದಿ ಎಳೆದ್ರೆ ಪಟ್ಟಿ ವಾರೆಯಾಗುತ್ತೆ. ಒಂದು ಕಡೆ ಬಿಟ್ಟಿದೆ, ಇನ್ನೊಂದು ಕಡೆ ಹಿಡಿದಿದೆ.

ಟ್ರಿಗರ್ ಯಾಕೆ? ಇದೇ ಅಸಲಿ ವಿಷಯ. ಈ ವಿನ್ಯಾಸದಲ್ಲಿ ಸ್ಟ್ರೈಕರ್‌ನ ಕೆಳಗೆ ಒಂದು ಕಾಲು ಇಳಿದಿರುತ್ತೆ. ಟ್ರಿಗರ್ ಮುಂದಿರುವಾಗ, ಫ್ರೇಮ್‌ನಲ್ಲಿರೋ ಟ್ರಿಗರ್ ಬಾರ್‌ನ ಹಿಂತುದಿ ಆ ಕಾಲಿನ ಮುಂದೆ ಅಡ್ಡ ನಿಂತಿರುತ್ತೆ. ಸ್ಟ್ರೈಕರ್ ಇರೋದು ಸ್ಲೈಡ್‌ನಲ್ಲಿ, ಬಾರ್ ಇರೋದು ಫ್ರೇಮ್‌ನಲ್ಲಿ. ಸ್ಲೈಡ್ ಮುಂದಕ್ಕೆ ಕಳಚಿಕೊಳ್ಳಬೇಕು ಅಂದ್ರೆ ಸ್ಟ್ರೈಕರ್‌ನ ಕಾಲು ಆ ಬಾರನ್ನು ದಾಟಬೇಕು. ದಾಟಲ್ಲ. ಟ್ರಿಗರ್ ಒತ್ತಿದಾಗ ಬಾರ್ ಕೆಳಗಿಳಿದು ಕಾಲನ್ನು ಬಿಡುತ್ತೆ, ಸ್ಟ್ರೈಕರ್ ಮುಂದೆ ಹೋಗುತ್ತೆ, ದಾರಿ ಖಾಲಿ.

ಇಲ್ಲೇ ಇನ್ನೊಂದು ಗುಂಡಿ ಇದೆ. ಟ್ರಿಗರ್ ಒತ್ತಿದ ಮೇಲೆ ಸ್ಲೈಡನ್ನು 2 ಮಿ.ಮೀ. ಬದಲು ಜೋರಾಗಿ ಹಿಂದೆ ಎಳೆದುಬಿಟ್ರೆ ಟ್ರಿಗರ್ ಮತ್ತೆ ರೀಸೆಟ್ ಆಗುತ್ತೆ, ಬಾರ್ ಮತ್ತೆ ಅಡ್ಡ ಬರುತ್ತೆ. "ನಾನು ಟ್ರಿಗರ್ ಒತ್ತಿದ್ದೆ, ಆದ್ರೂ ಬರ್ತಿಲ್ಲ" ಅನ್ನೋರ ಕಥೆ ಹೆಚ್ಚಾಗಿ ಇದೇ. ನೋಡಿ, ಗುರುತು ಸುಲಭ: ಟ್ರಿಗರ್ ಹಿಂದೆ ಮಲಗಿದ್ರೆ ದಾರಿ ಖಾಲಿ. ಮುಂದೆ ಎದ್ದು ನಿಂತಿದ್ರೆ ದಾರಿ ಬಂದ್. ಮತ್ತೆ ಚೇಂಬರ್ ನೋಡಿ, ಮತ್ತೆ ಒತ್ತಿ, ಈ ಸಲ ಮೆಲ್ಲಗೆ.

ಈಗ ಅಣ್ಣನ ಟೇಬಲ್‌ಗೆ ವಾಪಸ್ ಹೋಗಿ. ಅವನ ಪಿಸ್ತೂಲು ಯಾವ ಕಂಪನಿದು ಅನ್ನೋದು ಇಲ್ಲಿ ಬೇಡ, ತತ್ವ ಇದೇ. ಮ್ಯಾಗಜಿನ್ ತೆಗೆದಿದ್ದ. ಸ್ಲೈಡನ್ನು 2 ಮಿ.ಮೀ. ಮಾತ್ರ ಎಳೀತಿದ್ದ, ಹಾಗಾಗಿ ಚೇಂಬರ್‌ನಲ್ಲಿದ್ದ ರೌಂಡ್ ಹೊರಗೆ ಬೀಳಲೂ ಇಲ್ಲ, ಕಣ್ಣಿಗೆ ಬೀಳಲೂ ಇಲ್ಲ. ಟ್ರಿಗರ್ ಒತ್ತಿರಲಿಲ್ಲ, ಹಾಗಾಗಿ ಸ್ಲೈಡ್ ಬರಲಿಲ್ಲ. ಮುಂದಿನ "ಸರಿಯಾದ" ಹೆಜ್ಜೆ ಟ್ರಿಗರ್ ಒತ್ತೋದು. ಒತ್ತಿದ್ದಿದ್ರೆ? ಬರದೇ ಇದ್ದ ಸ್ಲೈಡ್ ಅವನಿಗೆ ಒಂದು ಫೋನ್ ಕಾಲ್‌ನಷ್ಟು ಸಮಯ ಕೊಟ್ಟಿತ್ತು.

ಜೋರಾಗಿ ಎಳೆದ್ರೆ ಯಾಕೆ ಬರಲ್ಲ: ಸಣ್ಣ ಲೆಕ್ಕ

ಹಳೇ ಬೀರುವಿನ ಡ್ರಾಯರ್‌ನ ಒಂದೇ ಕಡೆಯ ಹಿಡಿ ಹಿಡಿದು ಎಳೆದಿದ್ದೀರಾ? ಕಚ್ಚಿಕೊಳ್ಳುತ್ತೆ. ಎಷ್ಟು ಜೋರಾಗಿ ಎಳೀತೀರೋ ಅಷ್ಟು ಕಚ್ಚುತ್ತೆ. ಸ್ಲೈಡೂ ಹಾಗೇ. ಫ್ರೀ ಬಾಡಿ ಡಯಾಗ್ರಾಂ ಹಾಕಿ ನೋಡೋಣ.

ಹಳಿಯ ಮೇಲೆ ಹಿಡಿತ ಇರೋ ಉದ್ದ ಇಷ್ಟು ಅಂತಿರಲಿ. ನೀವು ಎಳೆಯೋ ಬಲ ಹಳಿಯ ರೇಖೆಯಿಂದ ಸ್ವಲ್ಪ ಮೇಲೆ ಅಥವಾ ಪಕ್ಕದಲ್ಲಿದೆ, ಆ ಅಂತರವನ್ನು ವಾರೆ ಅಂತ ಕರೆಯೋಣ. ಬಲ ಗುಣಿಸು ವಾರೆ, ಇದು ಸ್ಲೈಡನ್ನು ತಿರುಗಿಸೋ ಮೊಮೆಂಟ್. ಅದನ್ನು ತಡೆಯೋಕೆ ಹಳಿಯ ಎರಡು ತುದಿಯಲ್ಲಿ ಎದುರುಬದುರು ಒತ್ತುಬಲ ಹುಟ್ಟುತ್ತೆ. ಒಂದು ತುದಿಯ ಒತ್ತುಬಲ ಅಂದ್ರೆ ಬಲ ಗುಣಿಸು ವಾರೆ, ಭಾಗಿಸು ಉದ್ದ. ಎರಡು ತುದಿಯಲ್ಲೂ ಘರ್ಷಣೆ ಇರೋದ್ರಿಂದ ಒಟ್ಟು ಘರ್ಷಣೆ: 2 ಗುಣಿಸು ಘರ್ಷಣಾ ಗುಣಾಂಕ ಗುಣಿಸು ಆ ಒತ್ತುಬಲ. ಈ ಘರ್ಷಣೆ ನೀವು ಎಳೆಯೋ ಬಲಕ್ಕೆ ಸಮ ಅಥವಾ ಹೆಚ್ಚಾದ್ರೆ ಸ್ಲೈಡ್ ಲಾಕ್.

ಸಮೀಕರಣ ಬರೆದು ನೋಡಿ, ಎರಡೂ ಕಡೆ "ಬಲ" ಇದೆ, ಕ್ಯಾನ್ಸಲ್ ಆಗುತ್ತೆ! ಉಳಿಯೋದು ಇಷ್ಟೇ: ವಾರೆ ಅನ್ನೋದು, ಉದ್ದವನ್ನು ಘರ್ಷಣಾ ಗುಣಾಂಕದ ಎರಡರಷ್ಟರಿಂದ ಭಾಗಿಸಿದ್ದಕ್ಕಿಂತ ಹೆಚ್ಚಾದ್ರೆ, ಭೀಮ ಬಂದು ಎಳೆದ್ರೂ ಬರಲ್ಲ. ಗುಣಾಂಕ 0.15 ಅಂತಿಟ್ಟುಕೊಂಡ್ರೆ ವಾರೆ ಹಳಿ ಉದ್ದದ ಮೂರು ಪಟ್ಟಿಗಿಂತ ಹೆಚ್ಚಾಗೋ ತನಕ ತೊಂದರೆ ಇಲ್ಲ. ಒಣಗಿ ಕೊಳೆ ತುಂಬಿ ಗುಣಾಂಕ 0.5 ಆದ್ರೆ, ವಾರೆ ಉದ್ದಕ್ಕೆ ಸಮ ಆದಾಗಲೇ ಕಚ್ಚಿಕೊಳ್ಳುತ್ತೆ. ಸ್ಲೈಡ್ ಮುಂದೆ ಹೋಗ್ತಾ ಹೋಗ್ತಾ ಹಳಿ ಮೇಲೆ ಉಳಿಯೋ ಉದ್ದ ಕಮ್ಮಿ ಆಗುತ್ತೆ, ಹಾಗಾಗಿ ಕೊನೆಗೆ ಬಂದಾಗಲೇ ಕಚ್ಚೋದು ಸುಲಭ.

ಇದರಿಂದ ಕಲಿಯೋ ಪಾಠ ಮೂರು. ಬಲ ಹೆಚ್ಚಿಸೋದು ಪರಿಹಾರ ಅಲ್ಲ. ನೇರವಾಗಿ, ಹಳಿಯ ರೇಖೆಯಲ್ಲೇ ತಳ್ಳೋದು ಪರಿಹಾರ. ಕೊಳೆ ತೆಗೆದು ಹನಿ ಎಣ್ಣೆ ಹಾಕೋದು ಪರಿಹಾರ.

ಕೊಳೆ ಎಲ್ಲಿಂದ ಬರುತ್ತೆ

ಪ್ರತಿ ಗುಂಡು ಹಾರಿದಾಗಲೂ ಸುಟ್ಟ ಮದ್ದಿನ ಮಸಿ, ಸುಡದೆ ಉಳಿದ ಕಣ, ಸೀಸ ಮತ್ತು ತಾಮ್ರದ ಪುಡಿ ಒಳಗೆಲ್ಲ ಹರಡುತ್ತೆ. ಅದರ ಮೇಲೆ ಎಣ್ಣೆ ಸೇರಿ, ತಿಂಗಳುಗಟ್ಟಲೆ ಲಾಕರ್‌ನಲ್ಲಿ ಕೂತ್ರೆ, ಎಣ್ಣೆ ಗಾಳಿಯ ಜೊತೆ ಸೇರಿ ಗಟ್ಟಿಯಾಗಿ ಅಂಟಿನ ಪದರ ಆಗುತ್ತೆ. ಅಡುಗೆ ಮನೆ ಎಕ್ಸಾಸ್ಟ್ ಫ್ಯಾನ್ ರೆಕ್ಕೆ ನೆನಪಿಸಿಕೊಳ್ಳಿ, ಅದೇ ಕಥೆ.

ಚೇಂಬರ್ ಖಾಲಿ ಅಂತ ಖಚಿತವಾಗಿ, ಸ್ಲೈಡ್ ಬರೀ ಕೊಳೆಯಿಂದ ಬಿಗಿಯಾಗಿದ್ರೆ ಮಾಡಬೇಕಾದ್ದು ತಾಳ್ಮೆಯ ಕೆಲಸ. ಹಳಿಯ ಸಂದಿಗೆ ಬಂದೂಕಿನ ಸಾಲ್ವೆಂಟ್ ಕೆಲವು ಹನಿ ಬಿಟ್ಟು, ಹತ್ತು ಹದಿನೈದು ನಿಮಿಷ ಬಿಟ್ಟು, ಸ್ಲೈಡನ್ನು ಹಿಂದೆ ಮುಂದೆ ಆಡಿಸೋದು. ಮತ್ತೆ ಬಿಡೋದು, ಮತ್ತೆ ಆಡಿಸೋದು. ಕಿಟಕಿ ತೆರೆದಿರಬೇಕು. ಕೈಗೆ ಗ್ಲೌಸ್ ಇದ್ರೆ ಒಳ್ಳೇದು, ಸೀಸ ದೇಹಕ್ಕೆ ವಿಷ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ಡಬ್ಲ್ಯುಡಿ-40 ಹಾಕಿದ್ರೆ ಆಗಲ್ವಾ ಅಂತ ನಮ್ಮ ಕ್ಲಾಸ್‌ನವರು ಕೇಳೇ ಕೇಳ್ತಾರೆ. ಅದು ಹುಟ್ಟಿದ್ದು 1953ರಲ್ಲಿ, ಲೋಹದ ಮೇಲಿನ ನೀರು ಓಡಿಸೋಕೆ. ಹೆಸರಿನಲ್ಲಿರೋ ಡಬ್ಲ್ಯುಡಿ ಅಂದ್ರೂ ಅದೇ, 40 ಅಂದ್ರೆ ನಲವತ್ತನೇ ಪ್ರಯತ್ನ. ಕೊಳೆ ಸಡಿಲಿಸೋಕೆ ಸಹಾಯ ಆಗಬಹುದು, ಆದರೆ ಹಳಿಗೆ ಉಳಿಯೋ ಎಣ್ಣೆ ಅದಲ್ಲ. ಕೊನೆಗೆ ಹಾಕೋ ಎಣ್ಣೆಯೂ ಹನಿ ಲೆಕ್ಕದಲ್ಲೇ. ಸ್ಟ್ರೈಕರ್ ಓಡೋ ಕೊಳವೆ ಒಣಗಿರಬೇಕು, ಅಲ್ಲಿ ಎಣ್ಣೆ ಹೋದ್ರೆ ಕೊಳೆ ಹಿಡಿದು ಸ್ಟ್ರೈಕರ್ ನಿಧಾನ ಆಗುತ್ತೆ.

ಎನ್‌ಸಿಸಿಯಲ್ಲಿ ನಾವು .22 ರೈಫಲ್‌ಗೆ ಪುಲ್‌ಥ್ರೂ ಹಗ್ಗ ಕಟ್ಟಿ, ಚಿಂದಿ ಸಿಕ್ಕಿಸಿ ಬ್ಯಾರಲ್ ಎಳೀತೀವಲ್ಲ, ಚಿಂದಿ ಬೆಳ್ಳಗೆ ಹೊರಗೆ ಬರೋ ತನಕ ಉಸ್ತಾದ್ ಬಿಡಲ್ಲ. ಬೆಳ್ಳಗಿನ ಚಿಂದಿಯೇ ಮುಗಿದಿದ್ದಕ್ಕೆ ಸಾಕ್ಷಿ. ಪಿಸ್ತೂಲಿಗೂ ಅದೇ ನಿಯಮ.

ಸುತ್ತಿಗೆ ಬೇಡ ಅಂದಿದ್ದು ಯಾಕೆ? ಹೊಡೆತ ವಾರೆಯಾಗಿ ಬೀಳುತ್ತೆ, ಹಳಿ ಬಾಗುತ್ತೆ. ಗ್ಲಾಕ್‌ನಂಥ ಪಾಲಿಮರ್ ಫ್ರೇಮ್‌ನಲ್ಲಿ ಹಳಿ ಅಂದ್ರೆ ಉದ್ದಕ್ಕೆ ಓಡೋ ಕಂಬಿ ಅಲ್ಲ, ಪ್ಲಾಸ್ಟಿಕ್‌ನಲ್ಲಿ ಹುದುಗಿರೋ ನಾಲ್ಕು ಚಿಕ್ಕ ಉಕ್ಕಿನ ತುಂಡುಗಳು. ಅವಕ್ಕೆ ಪೆಟ್ಟು ಬಿದ್ರೆ ಫ್ರೇಮೇ ಹೋದ ಹಾಗೆ. ಒಳಗೆ ರೌಂಡ್ ಇದ್ರೆ ಫ್ರೇಮ್ ಹೋಗೋದು ಚಿಕ್ಕ ನಷ್ಟ.

ಎಲ್ಲದಕ್ಕೂ ಒಂದೇ ಬೀಗದ ಕೈ ಇಲ್ಲ

ಒಂದು ಮಾದರಿಯ ವಿಡಿಯೋ ನೋಡಿ ಇನ್ನೊಂದನ್ನು ಬಿಚ್ಚೋಕೆ ಹೋಗೋದೂ "ಸಿಕ್ಕಿಕೊಳ್ಳೋ" ದೊಡ್ಡ ಕಾರಣ. 1931ರ ವಾಲ್ಥರ್ ಪಿಪಿಕೆ, ಜೇಮ್ಸ್ ಬಾಂಡ್ ಕೈಯಲ್ಲಿರುತ್ತಲ್ಲ ಅದು, ಇದರಲ್ಲಿ ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಕ್ಕೆ ಎಳೆದು ಪಕ್ಕಕ್ಕೆ ಒರಗಿಸಿ, ಸ್ಲೈಡನ್ನು ಪೂರ್ತಿ ಹಿಂದೆ ತಂದು ಹಿಂಭಾಗವನ್ನು ಮೇಲಕ್ಕೆ ಎತ್ತಬೇಕು, ಆಮೇಲೆ ಮುಂದೆ ಜಾರಿಸಬೇಕು. ಪೂರ್ತಿ ಹಿಂದೆ ಬರದಿದ್ರೆ ಮೇಲೆ ಏಳಲ್ಲ. ಜೆಕ್ ದೇಶದ ಸಿಝೆಡ್ 75ರಲ್ಲಿ ಸ್ಲೈಡ್ ಮೇಲೊಂದು ಗೆರೆ, ಫ್ರೇಮ್ ಮೇಲೊಂದು ಗೆರೆ. ಎರಡೂ ಎದುರುಬದುರು ಬಂದಾಗ ಮಾತ್ರ ಅಡ್ಡಪಿನ್ನು ಹೊರಗೆ ಬರುತ್ತೆ. ಗೆರೆ ಒಂದು ಕೂದಲೆಳೆ ತಪ್ಪಿದ್ರೂ ಪಿನ್ನು ಅಲ್ಲಾಡಲ್ಲ. ಮ್ಯಾನ್ಯುವಲ್ ಓದೋದು ಅವಮಾನ ಅಲ್ಲ ಅನ್ನೋದು ಇಲ್ಲಿ ಚೆನ್ನಾಗಿ ಅರ್ಥ ಆಗುತ್ತೆ.

ಬಿಚ್ಚೋಕೆ ಟ್ರಿಗರ್ ಒತ್ತಲೇಬೇಕು ಅನ್ನೋ ವಿನ್ಯಾಸದ ಬಗ್ಗೆ ಹಿಂದಿನಿಂದಲೂ ವಾದ ಇದೆ. ಒಂದು ಕಡೆ ಸರಳತೆ: ಭಾಗ ಕಡಿಮೆ, ಕೆಡೋದು ಕಡಿಮೆ. ಇನ್ನೊಂದು ಕಡೆ ಮನುಷ್ಯನ ಮರೆವು. ಆಮೇಲೆ ಬಂದ ಕೆಲವು ವಿನ್ಯಾಸಗಳು ಈ ಮರೆವನ್ನೇ ಲೆಕ್ಕಕ್ಕೆ ತಗೊಂಡ್ವು. ಸಿಗ್ ಪಿ320ರಲ್ಲಿ ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದೆ ಲಾಕ್ ಮಾಡಿದ್ರೆ ಮಾತ್ರ ಬಿಚ್ಚೋ ಲಿವರ್ ತಿರುಗುತ್ತೆ, ಟ್ರಿಗರ್ ಮುಟ್ಟೋದೇ ಬೇಡ. ಸ್ಲೈಡ್ ಹಿಂದೆ ಇದೆ ಅಂದ್ರೆ ಚೇಂಬರ್ ಕಣ್ಣೆದುರಿಗೇ ತೆರೆದಿದೆ ಅಂತ. ತಪ್ಪು ಮಾಡಬೇಡ ಅಂತ ಮ್ಯಾನ್ಯುವಲ್‌ನಲ್ಲಿ ಬರೆಯೋದು ಒಂದು ದಾರಿ, ಯಂತ್ರದಲ್ಲೇ ತಪ್ಪಿನ ದಾರಿ ಮುಚ್ಚೋದು ಇನ್ನೊಂದು. ನಾಳೆ ನಾವು ಲಿಫ್ಟ್, ಪ್ರೆಸ್, ಬ್ಯಾಟರಿ ಪ್ಯಾಕ್ ಏನೇ ವಿನ್ಯಾಸ ಮಾಡಿದ್ರೂ ಈ ಎರಡರಲ್ಲಿ ಒಂದನ್ನ ಆಯ್ಕೆ ಮಾಡೋ ಮೇಜಿನ ಮುಂದೆ ಕೂರ್ತೀವಿ.

ನಮಗೇನು ಸಂಬಂಧ

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಕೊಳ್ಳೋ ಹಾಗಿಲ್ಲ, 2019ರ ತಿದ್ದುಪಡಿ ನಂತರ ಲೈಸೆನ್ಸ್ ಇದ್ದವರಿಗೂ ಸಾಮಾನ್ಯವಾಗಿ ಎರಡೇ ಬಂದೂಕಿನ ಮಿತಿ. ಹಾಗಾಗಿ ಇದನ್ನ ಓದಿ ನೀವು ನಾಳೆ ಪಿಸ್ತೂಲು ಬಿಚ್ಚಲ್ಲ. ಆದರೆ ವರ್ಕ್‌ಶಾಪ್‌ನಲ್ಲಿ ಲೇಥ್ ಟೂಲ್‌ಪೋಸ್ಟ್ ಬಿಗಿಯಾದಾಗ, ಪ್ರಾಜೆಕ್ಟ್‌ನಲ್ಲಿ ಬೇರಿಂಗ್ ಕಚ್ಚಿಕೊಂಡಾಗ, ಬೈಕ್ ಕ್ಲಚ್ ಕವರ್ ಬರದಿದ್ದಾಗ ಪಕ್ಕದಲ್ಲೇ ಒಂದು ಸುತ್ತಿಗೆ ಇರುತ್ತೆ. ಆಗ ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಳಗೆ ಶಕ್ತಿ ಉಳಿದಿದೆಯಾ, ಅಂದ್ರೆ ಕರೆಂಟು, ಸ್ಪ್ರಿಂಗು, ಒತ್ತಡ, ಮದ್ದು? ಅದು ಇಲ್ಲ ಅಂತ ನಾನು ಕಣ್ಣಾರೆ ನೋಡಿದ್ದೀನಾ? ಎಲ್ಲಿ ನಿಂತಿದೆ, ಏನು ಹಿಡಿದಿದೆ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಸುತ್ತಿಗೆ ಬೇಕಾಗೋದು ಬಹಳ ಕಡಿಮೆ.

ಅಣ್ಣನ ಕಥೆ ಮುಗಿಸ್ತೀನಿ. ನೆಲಕ್ಕೆ ಬಿದ್ದ ರೌಂಡ್ ಹುಡುಕಿ, ಎಲ್ಲ ರೌಂಡ್‌ಗಳನ್ನೂ ಡಬ್ಬಿಗೆ ಹಾಕಿ ಗ್ಯಾರೇಜ್‌ನಲ್ಲಿಟ್ಟು ಬಂದ. ಚೇಂಬರ್ ಎರಡು ಸಲ ನೋಡಿದ, ಬೆರಳಿಟ್ಟು ಮುಟ್ಟಿದ, ಕ್ಯಾಮೆರಾ ಹತ್ತಿರ ತಂದು ನನಗೂ ತೋರಿಸಿದ. ಆಮೇಲೆ ಟ್ರಿಗರ್, ಎರಡು ಮಿಲಿಮೀಟರ್, ಎರಡು ಬೆರಳು. ಸ್ಲೈಡ್ ಬೆಣ್ಣೆ ಥರ ಜಾರಿ ಕೈಗೆ ಬಂತು.

"ಇಷ್ಟೇನಾ?" ಅಂದ.

ಅಷ್ಟೇ. ಅಷ್ಟೊತ್ತಿಗೆ ನನ್ನ ದೋಸೆ ಸರದಿ ತಪ್ಪಿಹೋಗಿತ್ತು, ಮತ್ತೆ ಕ್ಯೂ ಕೊನೆಗೆ ಹೋಗಿ ನಿಂತೆ. ಒಂದು ಗಂಟೆ ಬಿಟ್ಟು ಅಣ್ಣನಿಂದ ಒಂದು ಫೋಟೋ ಬಂತು: ಲಾಕರ್ ಬಾಗಿಲ ಒಳಗೆ ಬಿಳಿ ಚೀಟಿ ಅಂಟಿಸಿದ್ದಾನೆ. ಅದರ ಮೇಲೆ ಕನ್ನಡದಲ್ಲಿ ಎರಡೇ ಪದ.

"ಚೇಂಬರ್ ನೋಡಿದ್ಯಾ?"